ತದ್ರೂಪಿ ಸರ್ವರ್‌ಗಳಿಗೆ ಬೇರೆ ಬೇರೆ ಗುರುತು: ತೀರ್ಥಹಳ್ಳಿಯ ನನ್ನ ಪರೀಕ್ಷಾ ವ್ಯವಸ್ಥೆ

ಶಿವಮೊಗ್ಗ ಜಿಲ್ಲೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಅಡಿಕೆಯ ತೂಕ, ಆ ದಿನದ ದರ, ಸದಸ್ಯರಿಗೆ ಕೊಟ್ಟ ಮುಂಗಡ ಇವೆಲ್ಲವೂ ಒಂದೇ ಡೇಟಾಬೇಸಿನಲ್ಲಿರುವುದರಿಂದ, ಹೊಸ ಆವೃತ್ತಿಯನ್ನು ನೇರವಾಗಿ ಅಲ್ಲಿಯೇ ಹಾಕಿ ನೋಡುವ ಪ್ರಶ್ನೆಯೇ ಬರುವುದಿಲ್ಲ. ಮುಂದೆ ಎನ್‌ಜಿನ್ಎಕ್ಸ್ ಎಂಬ ಒಂದು ವೆಬ್ ಸರ್ವರ್, ಅದರ ಹಿಂದೆ ಎರಡು ಅಪ್ಲಿಕೇಷನ್ ಸರ್ವರ್, ಕೊನೆಯಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಮುಖ್ಯ ಸರ್ವರ್ ಮತ್ತು ಅದರ ಪ್ರತಿ, ಹೀಗೆ ಐದು ಯಂತ್ರಗಳ ಈ ಜೋಡಣೆಯನ್ನು ನಾನು ತೀರ್ಥಹಳ್ಳಿಯ ಮನೆಯಲ್ಲಿ, 32 ಜಿಬಿ ಮೆಮೊರಿಯ ಒಂದೇ ಕಂಪ್ಯೂಟರಿನೊಳಗೆ ಕಟ್ಟಿಕೊಂಡಿದ್ದೇನೆ. ಬಾಡಿಗೆಯ ಕ್ಲೌಡ್‌ನಲ್ಲಿ ಇದನ್ನು ಇನ್ನೂ ಬೇಗ ಮಾಡಬಹುದಿತ್ತು. ಆದರೆ ಆಷಾಢದ ಮಳೆಯಲ್ಲಿ ಮರ ಬಿದ್ದು ಲೈನ್ ಹರಿದರೆ ಇಂಟರ್‌ನೆಟ್ ಯಾವಾಗ ಮರಳುತ್ತದೆಂದು ಹೇಳಲಾಗದ ಊರಿನಲ್ಲಿ, ಪರೀಕ್ಷೆಯ ಸರ್ವರ್ ಕೈಗೆ ಸಿಗುವಂತೆಯೇ ಇರಬೇಕು.

ಇದಕ್ಕೆ ನಾನು ಬಳಸುವುದು, ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ, ಲಿನಕ್ಸ್ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಕೆವಿಎಂ. 2007ರಲ್ಲಿ 2.6.20ನೇ ಆವೃತ್ತಿಯೊಂದಿಗೆ ಕರ್ನಲ್‌ನೊಳಗೇ ಸೇರಿದ ವ್ಯವಸ್ಥೆ ಅದು. ಅದರ ಮೇಲ್ವಿಚಾರಣೆಗೆ ಲಿಬ್‌ವರ್ಟ್ ಎಂಬ ತಂತ್ರಾಂಶವಿದೆ. ಮೊದಲು ಉಬುಂಟು ಸರ್ವರ್‌ನ ಒಂದು ಮೂಲ ಯಂತ್ರವನ್ನು ಸಿದ್ಧಪಡಿಸಿ, ಎಲ್ಲ ಯಂತ್ರಗಳಿಗೂ ಬೇಕಾದ ಪ್ಯಾಕೇಜುಗಳನ್ನು ಹಾಕಿ, ಅದನ್ನು ಆಫ್ ಮಾಡಿ, ಅದರ ಡಿಸ್ಕ್ ಕಡತವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಡುತ್ತೇನೆ. ಎನ್‌ಜಿನ್ಎಕ್ಸ್ ಮತ್ತು ಅಪ್ಲಿಕೇಷನ್ ಸರ್ವರ್‌ಗಳಿಗೆ ಈ ಕಡತದ ಪೂರ್ಣ ನಕಲು ಬೇಕಾಗಿಲ್ಲ. ಕ್ಯೂಕೌ2 ಎಂಬ ಡಿಸ್ಕ್ ಕಡತದ ಮಾದರಿಯಲ್ಲಿ ಮೂಲವನ್ನು ಆಧಾರವಾಗಿಟ್ಟುಕೊಂಡು ಬದಲಾವಣೆಗಳನ್ನಷ್ಟೇ ಬರೆದುಕೊಳ್ಳುವ ಮೇಲ್ಪದರವನ್ನು ಮಾಡಿದರೆ ಸಾಕು. ಹುಟ್ಟುವಾಗ ಆ ಪದರದ ಗಾತ್ರ ಕೆಲವು ನೂರು ಕೆಬಿ ಮಾತ್ರ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗಳಂತೆ ಇವೆಲ್ಲ ಒಂದೇ ಆಧಾರದ ಮೇಲೆ ನಿಂತಿರುತ್ತವೆ. ಮೂಲ ಕಡತದಲ್ಲಿ ಏನಾದರೂ ಬದಲಾದರೆ ಅದರ ಮೇಲಿನ ಎಲ್ಲ ಪದರಗಳೂ ಒಟ್ಟಿಗೇ ಕೆಡುತ್ತವೆ, ಬೀಗ ಹಾಕುವುದು ಅದಕ್ಕಾಗಿಯೇ. ಡೇಟಾಬೇಸಿನ ಎರಡು ಯಂತ್ರಗಳಿಗೆ ಮಾತ್ರ ವರ್ಟ್-ಕ್ಲೋನ್ ಎಂಬ ಆದೇಶದಿಂದ ಪೂರ್ಣ ನಕಲು ತೆಗೆಯುತ್ತೇನೆ. ಅಲ್ಲಿ ಬರವಣಿಗೆ ಎಷ್ಟಿರುತ್ತದೆಂದರೆ ಪದರದಿಂದ ಉಳಿಯುವ ಜಾಗ ಬಹಳ ಕಾಲ ಉಳಿಯುವುದಿಲ್ಲ.

ಇಲ್ಲಿಯವರೆಗಿನದು ಸುಲಭದ ಭಾಗ. ನನ್ನ ಅನುಭವದಲ್ಲಿ ನಿಜವಾದ ಎಚ್ಚರ ಬೇಕಾಗುವುದು ತದ್ರೂಪಿಗಳು, ಅಂದರೆ ಹೀಗೆ ನಕಲಾಗಿ ಹುಟ್ಟಿದ ಯಂತ್ರಗಳು, ಎಷ್ಟರ ಮಟ್ಟಿಗೆ ತದ್ರೂಪಿಗಳಾಗಿರಬಾರದು ಎನ್ನುವುದರಲ್ಲಿ. ಎರಡು ಹೊಸ ತದ್ರೂಪಿಗಳನ್ನು ಏಕಕಾಲಕ್ಕೆ ಹೊತ್ತಿಸಿ ಲಿಬ್‌ವರ್ಟ್‌ನ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಪಟ್ಟಿಯನ್ನು ತೆರೆದಾಗ, ಎರಡರ ಮ್ಯಾಕ್ ವಿಳಾಸಗಳೂ (ನೆಟ್‌ವರ್ಕ್ ಕಾರ್ಡಿನ ಗುರುತು) ಬೇರೆ ಬೇರೆಯಾಗಿದ್ದರೂ ಐಪಿ ವಿಳಾಸ ಮಾತ್ರ ಒಂದೇ ಆಗಿರುವುದನ್ನು ನೋಡಬಹುದು. ಒಂದಕ್ಕೆ ಲಾಗಿನ್ ಆದರೆ ಕೆಲವೊಮ್ಮೆ ಇನ್ನೊಂದು ಉತ್ತರಿಸುತ್ತದೆ, ನಡುವೆ ಸಂಪರ್ಕ ಕಡಿಯುತ್ತದೆ. ಕಾರಣ ಇಷ್ಟೆ: ಉಬುಂಟು ಸರ್ವರ್‌ನಲ್ಲಿ ವಿಳಾಸ ಕೇಳುವ ಸಿಸ್ಟಂಡಿ-ನೆಟ್‌ವರ್ಕ್‌ಡಿ ತನ್ನ ಗುರುತಾಗಿ ಮ್ಯಾಕ್ ವಿಳಾಸವನ್ನು ಕೊಡುವುದಿಲ್ಲ, ಇಟಿಸಿ ಡೈರೆಕ್ಟರಿಯಲ್ಲಿರುವ ಮಷೀನ್-ಐಡಿ ಎಂಬ ಕಡತದಿಂದ ಹುಟ್ಟಿಸಿದ ಗುರುತನ್ನು ಕೊಡುತ್ತದೆ, ನಕಲಿನ ಜೊತೆ ಆ ಕಡತವೂ ನಕಲಾಗಿ ಬಂದಿರುವುದರಿಂದ ಡಿಎಚ್‌ಸಿಪಿ ಸರ್ವರ್‌ನ ದೃಷ್ಟಿಯಲ್ಲಿ ಇಬ್ಬರೂ ಒಬ್ಬರೇ. ಉಬುಂಟುವಿನ ನೆಟ್‌ವರ್ಕ್ ಸಂರಚನೆಯ ಸಾಧನವಾದ ನೆಟ್‌ಪ್ಲಾನ್‌ನಲ್ಲಿ ಮ್ಯಾಕ್ ವಿಳಾಸವನ್ನೇ ಗುರುತಾಗಿಸುವ ಸೌಲಭ್ಯವಿದೆ, ಆದರೆ ಅದು ವಿಳಾಸದ ತೊಂದರೆಯನ್ನಷ್ಟೇ ಬಗೆಹರಿಸುತ್ತದೆ. ಮಷೀನ್-ಐಡಿ ಕಡತವನ್ನೇ ಬರಿದು ಮಾಡಿ, ಮುಂದಿನ ಸಲ ಹೊತ್ತಿಕೊಂಡಾಗ ಹೊಸದೊಂದು ಹುಟ್ಟುವಂತೆ ಮಾಡುವುದು ಸರಿಯಾದ ಮಾರ್ಗ ಎಂದು ನಾನು ಭಾವಿಸುತ್ತೇನೆ.

ಅದೇ ರೀತಿಯಲ್ಲಿ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಹೋಸ್ಟ್ ಕೀಲಿಗಳೂ (ಯಂತ್ರದ ಗುರುತನ್ನು ಸಾಬೀತುಪಡಿಸುವ ಕೀಲಿಗಳು) ನಕಲಾಗಿ ಬರುತ್ತವೆ. ಐದು ಯಂತ್ರಗಳಿಗೂ ಒಂದೇ ಕೀಲಿ ಇದ್ದರೆ ನಾವು ಯಾವ ಯಂತ್ರದೊಂದಿಗೆ ಮಾತನಾಡುತ್ತಿದ್ದೇವೆ ಎನ್ನುವ ಖಾತರಿಯೇ ಹೋಗುತ್ತದೆ. ಇವೆಲ್ಲವನ್ನೂ ಕೈಯಿಂದ ತೆಗೆಯುವ ಬದಲು, ಯಂತ್ರ ಆರಿದ ಸ್ಥಿತಿಯಲ್ಲಿರುವಾಗ ವರ್ಟ್-ಸಿಸ್‌ಪ್ರೆಪ್ ಓಡಿಸಿದರೆ ಕೀಲಿ, ಮಷೀನ್-ಐಡಿ, ಹಳೆಯ ಲಾಗ್ ಎಲ್ಲವನ್ನೂ ಅದು ಅಳಿಸುತ್ತದೆ. ಉಬುಂಟುವಿನಲ್ಲಿ ಅಳಿಸಿದ ಹೋಸ್ಟ್ ಕೀಲಿಗಳು ತಾವಾಗಿ ಮರಳಿ ಹುಟ್ಟುವುದಿಲ್ಲವಾದ್ದರಿಂದ, ಮೊದಲ ಸಲ ಹೊತ್ತಿಕೊಂಡಾಗ ಅವುಗಳನ್ನು ಸೃಷ್ಟಿಸುವ ಆದೇಶವನ್ನೂ ಆಗಲೇ ಸೇರಿಸಬೇಕು. ಹೋಸ್ಟ್‌ನೇಮ್ ಬದಲಿಸುವಾಗ ಹೋಸ್ಟ್ಸ್ ಕಡತದ 127.0.1.1ರ ಸಾಲನ್ನೂ ಬದಲಿಸುತ್ತೇನೆ.

ನೆಟ್‌ವರ್ಕ್‌ನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಲಿಬ್‌ವರ್ಟ್ ತಾನಾಗಿ ಕೊಡುವ 192.168.122.0/24 ಜಾಲ ಹೊರಗಿನ ಇಂಟರ್‌ನೆಟ್ಟಿಗೆ ದಾರಿ ಕೊಡುತ್ತದೆ. ಅದನ್ನು ಮೂಲ ಯಂತ್ರ ಸಿದ್ಧಪಡಿಸಲು ಮಾತ್ರ ಬಳಸುತ್ತೇನೆ. ತದ್ರೂಪಿಗಳು ಇರುವುದು 192.168.60.0/24 ಎಂಬ ಪ್ರತ್ಯೇಕ ಜಾಲದಲ್ಲಿ. ಅದರ ವಿವರಣೆಯಲ್ಲಿ ಫಾರ್ವರ್ಡ್ ಎಂಬ ಅಂಶವನ್ನು ಬರೆಯದೇ ಬಿಟ್ಟರೆ ಯಂತ್ರಗಳು ತಮ್ಮತಮ್ಮಲ್ಲಿ ಮತ್ತು ಹೋಸ್ಟ್‌ನೊಂದಿಗೆ (ಅವುಗಳನ್ನು ಓಡಿಸುವ ನನ್ನ ಮನೆಯ ಕಂಪ್ಯೂಟರ್) ಮಾತ್ರ ಮಾತನಾಡುತ್ತವೆ, ಹೊರಗೆ ಹೋಗುವುದಿಲ್ಲ. ಸಂಘದ ತಂತ್ರಾಂಶ ಹಣ ಜಮಾ ಆದ ಕೂಡಲೇ ಸದಸ್ಯರಿಗೆ ಎಸ್‌ಎಂಎಸ್ ಕಳಿಸುತ್ತದೆ. ಪರೀಕ್ಷೆಗೆ ತರುವ ದತ್ತಾಂಶದಲ್ಲಿ ಹೆಸರು ಮತ್ತು ಮೊಬೈಲ್ ಸಂಖ್ಯೆಗಳನ್ನು ಮೊದಲೇ ಬದಲಿಸಿರುತ್ತೇನೆ, ಆದರೂ ಹೊಸನಗರದ ಯಾವುದೋ ಹಳ್ಳಿಯಲ್ಲಿ ಮುಂಗಡಕ್ಕಾಗಿ ಕಾಯುತ್ತಿರುವ ರೈತನ ಮೊಬೈಲಿಗೆ ನನ್ನ ಪ್ರಯೋಗದಿಂದ ಸುಳ್ಳು ಸಂದೇಶವೊಂದು ಹೋಗುವ ಸಾಧ್ಯತೆಯನ್ನು ಜಾಲದ ಮಟ್ಟದಲ್ಲಿಯೇ ಮುಚ್ಚಿಡುವುದು ನನ್ನ ಕರ್ತವ್ಯ. ಪ್ಯಾಕೇಜ್ ಬೇಕಾದರೆ ಹೋಸ್ಟ್‌ನಲ್ಲಿರುವ ಆ್ಯಪ್ಟ್-ಕ್ಯಾಷರ್-ಎನ್‌ಜಿ ಕೊಡುತ್ತದೆ; ಒಮ್ಮೆ ಇಳಿಸಿಕೊಂಡದ್ದು ಅಲ್ಲಿ ಉಳಿಯುವುದರಿಂದ ಲೈನ್ ಇಲ್ಲದ ದಿನವೂ ಕೆಲಸ ಸಾಗುತ್ತದೆ.

ಈ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಮ್ಯಾಕ್ ವಿಳಾಸವನ್ನು ನಾನೇ ನಿಗದಿಪಡಿಸಿದ್ದೇನೆ. 52:54:00:60:00:11 ಎಂಬ ಮ್ಯಾಕ್‌ಗೆ 192.168.60.11 ಸಿಗುವಂತೆ ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಿದರೆ, ಕೊನೆಯ ಅಂಕಿ ನೋಡಿದ ಕೂಡಲೇ ಅದು ಯಾವ ಸರ್ವರ್ ಎಂದು ತಿಳಿಯುತ್ತದೆ. ಹೆಸರುಗಳು ಟೆಸ್ಟ್ ಎಂಬ ಡೊಮೇನ್‌ನಲ್ಲಿ ಕೊನೆಗೊಳ್ಳುತ್ತವೆ. ಪರೀಕ್ಷೆಗೆಂದೇ 1999ರಲ್ಲಿ ಮೀಸಲಿಟ್ಟ ಡೊಮೇನ್ ಅದು, ಹೊರಗಿನ ಯಾವ ಹೆಸರಿನೊಂದಿಗೂ ಎಂದೂ ಘರ್ಷಿಸುವುದಿಲ್ಲ. ಸಂರಚನೆಯ ಕಡತಗಳಲ್ಲಿ ಐಪಿ ಬರೆಯದೇ ಹೆಸರನ್ನೇ ಬರೆಯುವುದರಿಂದ, ಐದನ್ನೂ ಅಳಿಸಿ ಮತ್ತೆ ಕಟ್ಟಿದರೂ ಏನನ್ನೂ ತಿದ್ದಬೇಕಾಗುವುದಿಲ್ಲ.

ಕರೆಂಟು ಹೋದಾಗಿನ ಒಂದು ಸಂಗತಿಯನ್ನು ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗಾಗಿ ಹೇಳಲೇಬೇಕು. ಯುಪಿಎಸ್‌ನ ಬ್ಯಾಟರಿ ಇಳಿಯುತ್ತಿದ್ದಂತೆ ಹೋಸ್ಟ್ ತಾನಾಗಿ ಆರುತ್ತದೆ, ಆರುವ ಮುನ್ನ ಯಂತ್ರಗಳ ಮೆಮೊರಿಯನ್ನು ಡಿಸ್ಕ್‌ಗೆ ಉಳಿಸುತ್ತದೆ. ಕರೆಂಟು ಬಂದು ಅವು ಎದ್ದಾಗ ಅವುಗಳ ಗಡಿಯಾರ ಮಲಗಿದ ಹೊತ್ತಿನಲ್ಲಿಯೇ ಇರುತ್ತದೆ, ಲಾಗ್‌ಗಳ ಹೊತ್ತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೊತ್ತು ಸರಿಪಡಿಸುವ ಕ್ರೋನಿ ಎಂಬ ತಂತ್ರಾಂಶದ ಉಬುಂಟು ಸಂರಚನೆ ಗಡಿಯಾರವನ್ನು ಒಮ್ಮೆಗೇ ಸರಿಸುವುದು ಅದು ಆರಂಭವಾದ ಬಳಿಕದ ಮೊದಲ ಮೂರು ಅಳತೆಗಳಲ್ಲಿ ಮಾತ್ರ; ಆಮೇಲೆ ನಿಧಾನವಾಗಿ ಎಳೆಯುತ್ತದೆ, ಗಂಟೆಗಟ್ಟಲೆಯ ವ್ಯತ್ಯಾಸಕ್ಕೆ ಆ ವೇಗ ಸಾಲದು. ಆದುದರಿಂದ ಮೇಕ್‌ಸ್ಟೆಪ್ ಸಾಲಿನ ಮಿತಿಯನ್ನು 3ರಿಂದ -1ಕ್ಕೆ ಬದಲಿಸಿ ಯಾವಾಗ ಬೇಕಾದರೂ ಸರಿಸಿಕೊಳ್ಳುವಂತೆ ಮಾಡಿದ್ದೇನೆ. ಹೊರಗಿನ ಜಾಲವಿಲ್ಲದ ಈ ಯಂತ್ರಗಳಿಗೆ ಹೊತ್ತು ಹೇಳುವುದು ಹೋಸ್ಟ್‌ನ ಕ್ರೋನಿಯೇ, ಹಾಗಾಗಿ ಅಲ್ಲಿ 192.168.60.0/24ಕ್ಕೆ ಅನುಮತಿ ಕೊಟ್ಟು, ಇಂಟರ್‌ನೆಟ್ ಇಲ್ಲದಿರುವಾಗಲೂ ಅದು ತನ್ನ ಗಡಿಯಾರದಿಂದಲೇ ಉತ್ತರಿಸುವಂತೆ ಲೋಕಲ್ ಸ್ಟ್ರೇಟಂ 10 ಎಂಬ ಸಾಲನ್ನೂ ಸೇರಿಸಿದ್ದೇನೆ.