ಇಡೀ ಪಾಳಿ ನಿಂತು ದುಡಿಯುವ ಪಾದಕ್ಕೆ ನಾನು ಇನ್‌ಸೋಲ್ ಆರಿಸಿಕೊಂಡ ಬಗೆ

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶುಶ್ರೂಷಕಿಯಾಗಿರುವ ನಾನು ಪಾಳಿಯ ಬಹುಪಾಲನ್ನು ಒಂದೇ ಜಾಗದಲ್ಲಿ ನಿಂತು ಕಳೆಯುತ್ತೇನೆ. ಮೊದಲು ವಾರ್ಡಿನಲ್ಲಿದ್ದಾಗ ದಿನವಿಡೀ ಓಡಾಟವಿರುತ್ತಿತ್ತು. ಆಗ ಕಾಲು ದಣಿಯುತ್ತಿತ್ತೇ ಹೊರತು ನೋಯುತ್ತಿರಲಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಗೆ ಬಂದ ಎರಡನೆಯ ವರ್ಷ, ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರುವಾಗ ಬಲ ಹಿಮ್ಮಡಿಯ ಒಳಮಗ್ಗುಲಿನಲ್ಲಿ ಮೊಳೆ ಚುಚ್ಚಿದಂಥ ನೋವು ಕಾಣಿಸಿಕೊಂಡಿತು. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ತಗ್ಗುತ್ತಿದ್ದ ಆ ನೋವು ಪಾಳಿ ಮುಗಿಯುವ ಹೊತ್ತಿಗೆ ಮರಳಿ ಬರುತ್ತಿತ್ತು. ಪರೀಕ್ಷಿಸಿದ ವೈದ್ಯರು ಅದನ್ನು ಪ್ಲಾಂಟರ್ ಫ್ಯಾಸಿಯೈಟಿಸ್ (ಅಂಗಾಲಿನ ಗಟ್ಟಿ ಪಟ್ಟಿಗೆ ಬರುವ ನೋವಿನ ತೊಂದರೆ) ಎಂದು ಗುರುತಿಸಿ, ಶೂ ಒಳಗೆ ಪಾದದಡಿ ಇಡುವ ಒಳ್ಳೆಯ ಇನ್‌ಸೋಲ್ ಹಾಕಿಕೊಳ್ಳುವಂತೆ ಸೂಚಿಸಿದರು. ಯಾವುದು ಒಳ್ಳೆಯದು ಎಂಬುದನ್ನು ವಿವರಿಸುವಷ್ಟು ಸಮಯ ಅವರಿಗಿರಲಿಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಹತ್ತು ತಿಂಗಳು ಹಿಡಿಯಿತು, ಮೂರು ಜೊತೆ ಇನ್‌ಸೋಲ್ ಬೇಕಾದವು.

ಮೊದಲ ಜೊತೆಯನ್ನು ಕೊಂಡದ್ದು ಹೆಬ್ಬೆರಳಿನಿಂದ ಒತ್ತಿ ನೋಡಿ. ಜೆಲ್ ತುಂಬಿದ ಮೆತ್ತನೆಯ ಇನ್‌ಸೋಲ್ ಅದು. ನೋಯುವ ಹಿಮ್ಮಡಿಗೆ ಮೆತ್ತಗಿರುವುದೇ ಹಿತವೆಂದು ಯಾರಿಗಾದರೂ ಅನ್ನಿಸುವಂತೆ ನನಗೂ ಅನ್ನಿಸಿತ್ತು, ಮತ್ತು ಮೊದಲ ಎರಡು ಗಂಟೆ ಅದು ನಿಜವಾಗಿಯೂ ಹಿತವಾಗಿತ್ತು. ನಾಲ್ಕನೆಯ ಗಂಟೆಯ ಹೊತ್ತಿಗೆ ಹಿಮ್ಮಡಿ ಅದರೊಳಗೆ ಪೂರ್ತಿ ಇಳಿದುಹೋಗಿ, ಪಾದ ಒಳಮಗ್ಗುಲಿಗೆ ವಾಲಿ, ಮೀನಖಂಡ ಬಿಗಿಯತೊಡಗಿತು. ಬೆರಳಿನ ಒತ್ತಡ ಎಷ್ಟು, ಇಡೀ ದೇಹದ ಭಾರ ಗಂಟೆಗಟ್ಟಲೆ ಬಿಡುವಿಲ್ಲದೆ ಕೂರುವುದು ಎಷ್ಟು! ಅಂಗಡಿಯಲ್ಲಿ ಕೈಗೆ ಸಿಕ್ಕ ಮೆತ್ತನೆಯ ಸ್ಪರ್ಶ ಪಾಳಿಯ ಎಂಟನೆಯ ಗಂಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲವೆಂಬುದು ಮನವರಿಕೆಯಾಗಲು ಮೂರು ವಾರ ಸಾಕಾಯಿತು.

ಆ ಬಳಿಕ ಪಾದದ ರಚನೆಯನ್ನು ಮತ್ತೆ ಓದಿಕೊಂಡೆ. ಪಾದದಲ್ಲಿ 26 ಮೂಳೆಗಳಿವೆ. ಅವು ಕಮಾನಿನಂತೆ ಜೋಡಣೆಯಾಗಿವೆ. ಹಿಮ್ಮಡಿಯ ಮೂಳೆಯಿಂದ ಹೊರಟು ಬೆರಳುಗಳ ಬುಡಕ್ಕೆ ಸೇರುವ ಗಟ್ಟಿಯಾದ ಪಟ್ಟಿಯೇ ಪ್ಲಾಂಟರ್ ಫ್ಯಾಸಿಯಾ. ಬಿಲ್ಲಿನ ಎರಡು ತುದಿಗಳನ್ನು ಹೆದೆ ಹಿಡಿದಿಡುವಂತೆ ಅದು ಕಮಾನನ್ನು ಹಿಡಿದಿಡುತ್ತದೆ. ಹೆಜ್ಜೆಯ ಕೊನೆಯಲ್ಲಿ ಬೆರಳುಗಳು ಮೇಲಕ್ಕೆ ಬಾಗಿದಾಗ ಈ ಪಟ್ಟಿ ಬಿಗಿಗೊಂಡು ಕಮಾನು ಎದ್ದು ನಿಲ್ಲುವುದನ್ನು 1954ರಲ್ಲಿ ಜೆ.ಎಚ್. ಹಿಕ್ಸ್ ಎಂಬವರು ವಿವರಿಸಿದ್ದರು. ನಡೆಯುವವರಲ್ಲಿ ಪಟ್ಟಿ ಹೀಗೆ ಬಿಗಿದು ಸಡಿಲವಾಗುತ್ತಿರುತ್ತದೆ, ಮೀನಖಂಡದ ಸ್ನಾಯುಗಳು ಹಿಂಡಿದಂತೆ ಕೆಲಸ ಮಾಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಅಲುಗಾಡದೆ ನಿಂತವರಲ್ಲಿ ಇವೆರಡೂ ನಡೆಯುವುದಿಲ್ಲ. ರಕ್ತ ಕೆಳಗೇ ನಿಂತು ಪಾದ ಊದಿಕೊಳ್ಳುತ್ತದೆ, ಕಮಾನನ್ನು ಎತ್ತಿ ಹಿಡಿಯುವ ಸಣ್ಣ ಸ್ನಾಯುಗಳು ದಣಿದಷ್ಟೂ ಭಾರವೆಲ್ಲ ಆ ಪಟ್ಟಿಯ ಮೇಲೆ, ಅದರಲ್ಲೂ ಅದು ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದ ಮೇಲೆ ಬೀಳುತ್ತದೆ. ವಾರ್ಡಿನ ಓಡಾಟದಲ್ಲಿ ಇಲ್ಲದ ನೋವು ನಿಂತ ಕೆಲಸದಲ್ಲಿ ಏಕೆ ಬಂತೆಂಬುದು ಇದನ್ನು ಓದಿದಾಗ ನನಗೆ ತಿಳಿಯಿತು. ನನಗೆ ಬೇಕಾಗಿದ್ದದ್ದು ಮೆತ್ತೆಯಲ್ಲ, ಕಮಾನು ಕುಸಿಯದಂತೆ ಕೆಳಗಿನಿಂದ ಕೊಡುವ ಆಸರೆ.

ಈ ತಿಳಿವಳಿಕೆಯೇ ನನ್ನನ್ನು ಎರಡನೆಯ ತಪ್ಪಿಗೂ ಒಯ್ದಿತು. ಆಸರೆ ಬೇಕಾದರೆ ಗಟ್ಟಿಯಾದದ್ದೇ ಬೇಕೆಂದು, ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪಿರುವ, ಎತ್ತರದ ಕಮಾನಿರುವ ಇನ್‌ಸೋಲನ್ನು ಶೂ ನಂಬರು ನೋಡಿ ತಂದೆ. ಶೂ ಒಳಗೆ ಮೊದಲೇ ಇದ್ದ ಪದರವನ್ನು ತೆಗೆಯದೆ ಅದರ ಮೇಲೆಯೇ ಕೂರಿಸಿದೆ. ಪಾದ ಮೇಲೆದ್ದು ಹಿಮ್ಮಡಿ ಶೂವಿನಿಂದ ಜಾರತೊಡಗಿತು, ಬೆರಳುಗಳು ಮುಂಗಡೆ ಅದುಮಿಕೊಂಡವು. ಅದನ್ನು ಸರಿಪಡಿಸಿ ಒಳಪದರ ಕಿತ್ತು ಹಾಕಿದ ಮೇಲೂ ಹೆಬ್ಬೆರಳಿನ ಬುಡದ ಹಿಂದೆ ಗೋಲಿಯನ್ನು ಮೆಟ್ಟಿ ನಿಂತಂತೆ ಆಗುತ್ತಿತ್ತು. ಎರಡು ವಾರದಲ್ಲಿ ಮೊಣಕಾಲಿನ ಹೊರಬದಿಯೂ ನೋಯಲು ಶುರುವಾದಾಗ ಅದನ್ನು ತೆಗೆದಿಟ್ಟೆ.

ಆ ಗೋಲಿಯ ಕಾರಣವನ್ನು ಹುಡುಕಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಪಾದಕ್ಕೆ ಎರಡು ಉದ್ದಗಳಿವೆ. ಹಿಮ್ಮಡಿಯಿಂದ ಬೆರಳಿನ ತುದಿಯವರೆಗಿನದು ಒಂದು, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಉಬ್ಬು ಕೀಲಿನವರೆಗಿನದು ಇನ್ನೊಂದು. ಪಾದ ಅಳೆಯುವ ಬ್ರಾನಕ್ ಸಾಧನದಲ್ಲಿ ಅಗಲದ ಜೊತೆಗೆ ಈ ಎರಡನ್ನೂ ಅಳೆಯುವ ವ್ಯವಸ್ಥೆಯಿದೆ. ಹಾಗಿದ್ದರೂ ನಾವು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ಮೊದಲನೆಯದನ್ನು ಮಾತ್ರ. ಒಂದು ಸಂಜೆ, ಪಾಳಿ ಮುಗಿದು ಪಾದ ಊದಿಕೊಂಡಿದ್ದಾಗಲೇ, ಹಿಮ್ಮಡಿಯನ್ನು ಗೋಡೆಗೆ ಒತ್ತಿ ಕಾಗದದ ಮೇಲೆ ನಿಂತು ಎರಡೂ ಪಾದಗಳಲ್ಲಿ ಗುರುತು ಹಾಕಿಕೊಂಡೆ. ನನ್ನ ಬಲಪಾದದ ಒಟ್ಟು ಉದ್ದ 24.5 ಸೆಂ.ಮೀ., ಉಬ್ಬು ಕೀಲಿನವರೆಗೆ 17 ಸೆಂ.ಮೀ. ಅದೇ ನಂಬರಿನ ಶೂ ಹಾಕುವ ನನ್ನ ಸಹೋದ್ಯೋಗಿಯ ಪಾದದಲ್ಲಿ ಕೀಲಿನವರೆಗಿನ ಉದ್ದ 18 ಸೆಂ.ಮೀ. ಇತ್ತು. ನನ್ನ ಬೆರಳುಗಳು ನೀಳ, ಕಮಾನು ಗಿಡ್ಡ. ಶೂ ನಂಬರಿಗೆ ತಕ್ಕ ಇನ್‌ಸೋಲಿನ ಕಮಾನು ನನ್ನ ಕಮಾನನ್ನು ದಾಟಿ ಮುಂದಕ್ಕೆ ಚಾಚಿಕೊಂಡಿದ್ದರಿಂದಲೇ ಅದು ಕೀಲಿನ ಹಿಂದೆ ಒತ್ತುತ್ತಿತ್ತು. ದೊಡ್ಡದನ್ನು ಕೊಂಡು ಮುಂಭಾಗವನ್ನು ಕತ್ತರಿಸಿಕೊಂಡರೆ ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಆದರೆ ಕತ್ತರಿ ಬೆರಳಿನ ಕಡೆಯ ಉದ್ದವನ್ನಷ್ಟೇ ಕಡಿಮೆ ಮಾಡುತ್ತದೆ, ಕಮಾನಿನ ಜಾಗವನ್ನು ಬದಲಿಸುವುದಿಲ್ಲ.

ಇಷ್ಟರಲ್ಲಿ ಶೂವನ್ನೂ ಪರೀಕ್ಷಿಸಬೇಕೆಂದು ಹೊಳೆಯಿತು. ತುದಿ ಮತ್ತು ಹಿಮ್ಮಡಿಯನ್ನು ಹಿಡಿದು ಬಗ್ಗಿಸಿದಾಗ ಶೂ ಬೆರಳುಗಳು ಬಾಗುವ ಕಡೆ ಮಾತ್ರ ಬಾಗಬೇಕು. ನನ್ನದು ನಟ್ಟನಡುವೆ ಮಡಚಿಕೊಂಡಿತು. ಒದ್ದೆಬಟ್ಟೆ ಹಿಂಡುವಂತೆ ತಿರುಚಿದಾಗಲೂ ಸುಲಭವಾಗಿ ತಿರುಚಿಕೊಂಡಿತು, ಹಿಂಭಾಗದ ಗೋಡೆ ಬೆರಳೊತ್ತಿಗೇ ಕುಸಿಯಿತು. ಅಂಥ ಶೂವಿನಲ್ಲಿ ಎಷ್ಟು ಒಳ್ಳೆಯ ಇನ್‌ಸೋಲ್ ಇಟ್ಟರೂ ಅದು ಸಡಿಲ ಮಣ್ಣಿನ ಮೇಲೆ ಕಟ್ಟಿದ ಗೋಡೆಯೇ. ಗಟ್ಟಿ ಹಿಂಭಾಗದ, ಲೇಸು ಕಟ್ಟುವ, ಒಳಪದರ ಕೈಯಿಂದ ತೆಗೆಯಲು ಬರುವ, ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯುವ ಶೂವನ್ನು ಮೊದಲು ಕೊಂಡೆ. ಹಣ ಸೀಮಿತವಾಗಿರುವವರು ಇನ್‌ಸೋಲಿಗಿಂತ ಮೊದಲು ಶೂವಿಗೆ ಖರ್ಚು ಮಾಡುವುದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಜೊತೆಯನ್ನು ಆರಿಸುವಾಗ ಹಿಮ್ಮಡಿಯನ್ನು ಬಟ್ಟಲಿನಂತೆ ಹಿಡಿಯುವ ಆಳವಾದ ಗುಳಿ ಇರಬೇಕೆಂದು ಮೊದಲೇ ನಿರ್ಧರಿಸಿದ್ದೆ. ಹಿಮ್ಮಡಿಯ ಮೂಳೆಯ ಕೆಳಗೆ ಆಘಾತ ಹೀರುವ ಕೊಬ್ಬಿನ ಮೆತ್ತೆ ಸಹಜವಾಗಿಯೇ ಇರುತ್ತದೆ. ಭಾರ ಬಿದ್ದಾಗ ಅದು ಪಕ್ಕಕ್ಕೆ ಹರಡುತ್ತದೆ, ವಯಸ್ಸಾದಂತೆ ತೆಳುವಾಗಬಹುದು. ಆಳವಾದ ಗುಳಿ ಅದನ್ನು ಮೂಳೆಯ ಕೆಳಗೇ ಒಟ್ಟಾಗಿಡುವುದರಿಂದ ಹೊರಗಿನ ಜೆಲ್‌ಗಿಂತ ನಮ್ಮದೇ ಮೆತ್ತೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಮಾನಿನ ಭಾಗವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮೈಭಾರ ಹಾಕಿ ಒತ್ತಿದೆ. ಸ್ವಲ್ಪ ತಗ್ಗಿ ಕೂಡಲೇ ಮೇಲೆದ್ದದ್ದನ್ನು ಮಾತ್ರ ಪಕ್ಕಕ್ಕಿಟ್ಟುಕೊಂಡೆ. ತೀರಾ ತಗ್ಗುವುದೂ ಬೇಡ, ಸ್ವಲ್ಪವೂ ತಗ್ಗದಿರುವುದೂ ಬೇಡ. ಮೇಲ್ಪದರದ ವಿಷಯಕ್ಕೆ ಬಂದರೆ, ಇವಿಎ ಎಂಬ ಹಗುರವಾದ ಫೋಮ್ ಬೇಗ ಚಪ್ಪಟೆಯಾಗುತ್ತದೆ, ಪಾಲಿಯುರೆಥೇನ್ ಎಂಬ ಇನ್ನೊಂದು ಬಗೆಯ ಫೋಮ್ ತುಸು ಭಾರವಾದರೂ ಹೆಚ್ಚು ಕಾಲ ಆಕಾರ ಉಳಿಸಿಕೊಳ್ಳುತ್ತದೆ. ನಾನು ಎರಡನೆಯದನ್ನು ಆರಿಸಿದೆ. ಉದ್ದದ ಸಮಸ್ಯೆಗೆ ಮುಕ್ಕಾಲು ಉದ್ದದ ಇನ್‌ಸೋಲ್ ಪರಿಹಾರವಾಯಿತು. ಅದು ಉಬ್ಬು ಕೀಲಿನ ಹಿಂದೆಯೇ ಮುಗಿಯುವುದರಿಂದ 17 ಸೆಂ.ಮೀ. ಕಮಾನಿಗೆ ಹೊಂದುವ ಅಳತೆಯನ್ನೇ ತೆಗೆದುಕೊಂಡು, ಹೊಸ ಶೂವಿನ ತೆಳು ಒಳಪದರದ ಅಡಿಯಲ್ಲಿ ಕೂರಿಸಿದೆ.

ಕೊಳ್ಳುವ ಮುನ್ನ ಶೂ ಕಟ್ಟಿಕೊಂಡು ಇಪ್ಪತ್ತು ನಿಮಿಷ ನಿಂತೆ, ಒಂದೊಂದೇ ಕಾಲಿನ ಮೇಲೆ ಭಾರ ಹಾಕಿ ನೋಡಿದೆ. ಹಿಮ್ಮಡಿಯಿಂದ ಕಮಾನಿನ ಉದ್ದಕ್ಕೂ ಇನ್‌ಸೋಲ್ ಒಂದೇ ಸಮ ತಾಗಬೇಕು. ಎಲ್ಲೋ ಒಂದು ಕಡೆ ಉಬ್ಬು ಸಿಕ್ಕಂತಾದರೆ ಅದು ಮುಂದೆ ಹೊಂದಿಕೊಳ್ಳುತ್ತದೆಂದು ನಂಬಬಾರದು. ಅಭ್ಯಾಸ ಮಾಡಿಕೊಳ್ಳುವುದಕ್ಕೂ ನಿಧಾನ ಬೇಕಾಯಿತು. ಮೊದಲ ದಿನ ಎರಡು ಗಂಟೆ, ಬಳಿಕ ದಿನಕ್ಕೊಂದು ಗಂಟೆ ಹೆಚ್ಚಿಸುತ್ತ ಹತ್ತು ದಿನಗಳಲ್ಲಿ ಇಡೀ ಪಾಳಿಗೆ ಬಂದೆ. ಮೊದಲ ವಾರ ಕಮಾನಿನಲ್ಲಿ ದಣಿವಿನಂಥ ಸಣ್ಣ ನೋವಿತ್ತು, ಅದು ಹೋಯಿತು. ಚುಚ್ಚುವ ನೋವು, ಗುಳ್ಳೆ, ಜೋಮು ಇವು ಬಂದಿದ್ದರೆ ನಿಲ್ಲಿಸುತ್ತಿದ್ದೆ.

ಒಂದು ಪುಟ್ಟ ಪುಸ್ತಕದಲ್ಲಿ ಬೆಳಗಿನ ಮೊದಲ ಹೆಜ್ಜೆಯ ನೋವನ್ನೂ ಪಾಳಿಯ ಕೊನೆಯ ನೋವನ್ನೂ 0ರಿಂದ 10ರವರೆಗಿನ ಅಂಕಿಯಲ್ಲಿ ಬರೆದಿಡುತ್ತಿದ್ದೆ. ಮೊದಲೆರಡು ವಾರ 7ರ ಆಸುಪಾಸಿನಲ್ಲೇ ಇದ್ದ ಅಂಕಿ ಆರನೆಯ ವಾರಕ್ಕೆ 4ಕ್ಕೆ, ನಾಲ್ಕನೆಯ ತಿಂಗಳಿಗೆ 1ಕ್ಕೆ ಇಳಿಯಿತು. ಇದರ ಶ್ರೇಯಸ್ಸನ್ನೆಲ್ಲ ಇನ್‌ಸೋಲಿಗೆ ಕೊಡುವುದು ಪ್ರಾಮಾಣಿಕವಾಗದು. ಅದೇ ಸಮಯದಲ್ಲಿ ನಾನು ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಅಡಿಗೆ ಸುತ್ತಿದ ಟವೆಲ್ ಇಟ್ಟು, ದಿನ ಬಿಟ್ಟು ದಿನ, ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನೂ ಆರಂಭಿಸಿದ್ದೆ. ಡೆನ್ಮಾರ್ಕಿನ ಸಂಶೋಧಕರ ಅಧ್ಯಯನವೊಂದರಲ್ಲಿ ಈ ವ್ಯಾಯಾಮ ಮಾಡಿದವರು ಮೂರು ತಿಂಗಳ ಹಂತದಲ್ಲಿ ಅಂಗಾಲನ್ನು ಎಳೆದು ಹಿಗ್ಗಿಸುವ (ಸ್ಟ್ರೆಚಿಂಗ್) ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ಶಸ್ತ್ರಚಿಕಿತ್ಸೆಯ ನಡುವೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವುದನ್ನೂ ರೂಢಿಸಿಕೊಂಡಿದ್ದೆ.

ಪಾದದ ಅಚ್ಚು ತೆಗೆಸಿ ಮಾಡಿಸುವ ದುಬಾರಿ ಇನ್‌ಸೋಲ್ ಏಕೆ ಬೇಡವಾಯಿತೆಂದು ಹಲವರು ಕೇಳಿದ್ದಾರೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು 135 ಮಂದಿಯಲ್ಲಿ ಅಚ್ಚಿನ ಇನ್‌ಸೋಲ್, ಸಿದ್ಧ ಇನ್‌ಸೋಲ್ ಮತ್ತು ಆಸರೆಯಿಲ್ಲದ ತೆಳು ಫೋಮನ್ನು ಹೋಲಿಸಿತ್ತು. ಮೂರು ತಿಂಗಳಲ್ಲಿ ಮೊದಲೆರಡು ಗುಂಪಿನವರ ಓಡಾಟ ತುಸು ಸುಧಾರಿಸಿತ್ತು, ಅವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ; ಹನ್ನೆರಡು ತಿಂಗಳಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಳತೆಗೆ ಸರಿಹೊಂದುವ ಸಿದ್ಧ ಇನ್‌ಸೋಲಿನಿಂದ ಆರಂಭಿಸುವುದೇ ಲೇಸೆನ್ನಿಸಿತು.

ನನ್ನ ಆಯ್ಕೆಯನ್ನು ಹಾಗೇ ನಕಲು ಮಾಡಿದ ಸಹೋದ್ಯೋಗಿಯೊಬ್ಬರಿಗೆ ಅದು ಒಗ್ಗಲಿಲ್ಲ. ಅವರದು ಚಪ್ಪಟೆ ಪಾದ. ತುದಿಗಾಲಲ್ಲಿ ನಿಂತಾಗ ಮಾತ್ರ ಕಮಾನು ಮೂಡುತ್ತಿತ್ತು. ಅವರಿಗೆ ತಗ್ಗಾದ ಕಮಾನೇ ಸಾಕಾಯಿತು. ಮುಂಗಾಲಿನ ಉರಿಯಿಂದ ಬಳಲುತ್ತಿದ್ದ ಇನ್ನೊಬ್ಬರಿಗೆ ಬೇಕಾದದ್ದು ಸಣ್ಣ ಮೆಟಟಾರ್ಸಲ್ ಮೆತ್ತೆ, ಅಂದರೆ ಮುಂಗಾಲಿನ ಉದ್ದ ಮೂಳೆಗಳಿಗೆ ಆಸರೆ ಕೊಡುವ ಮೆತ್ತೆ. ಅದನ್ನು ನೋಯುವ ಜಾಗದ ಕೆಳಗಲ್ಲ, ಅದರ ಹಿಂದೆ ಅಂಟಿಸಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ಮಾತ್ರ ದಯವಿಟ್ಟು ಈ ಪ್ರಯೋಗಗಳನ್ನು ತಾವಾಗಿಯೇ ಮಾಡಿಕೊಳ್ಳಬಾರದು. ಇನ್‌ಸೋಲಿನ ಒಂದು ಅಂಚು ಉಜ್ಜಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಒಂದು ಕಾಲು ಮಾತ್ರ ಊದಿಕೊಂಡವರು, ವಿಶ್ರಾಂತಿಯಲ್ಲೂ ರಾತ್ರಿಯೆಲ್ಲ ನೋವಿರುವವರು ಕೂಡ ಮೊದಲು ವೈದ್ಯರನ್ನೇ ಕಾಣಬೇಕು.

ಈಗ ಹೊಸ ಜೊತೆಯನ್ನು ತಂದ ದಿನವೇ ಅದರ ತಳದಲ್ಲಿ ದಿನಾಂಕ ಬರೆದಿಡುತ್ತೇನೆ. ಚಿಪ್ಪು ಗಟ್ಟಿಯಾಗಿದ್ದರೂ ಮೇಲ್ಪದರ ಸದ್ದಿಲ್ಲದೆ ಸವೆಯುವುದರಿಂದ, ಆರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ ಹೊರತೆಗೆದು ಹೊಸದರ ಪಕ್ಕದಲ್ಲಿಟ್ಟು ಹಿಮ್ಮಡಿಯ ಗುಳಿಯ ದಪ್ಪವನ್ನು ನೋಡುತ್ತೇನೆ. ಎಡ ಬಲಗಳ ಎತ್ತರದಲ್ಲಿ ವ್ಯತ್ಯಾಸ ಕಂಡರೆ ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ.