ಹ್ಯೂಸ್ಟನ್‌ಗೆ ಹೊಸಬರಾಗಿ ಬಂದವರು ನೆರೆಯನ್ನು ಎದುರಿಸುವ ಬಗೆ

ಓದಿಗೋ ಕೆಲಸಕ್ಕೋ ಹ್ಯೂಸ್ಟನ್‌ಗೆ ಬಂದಿಳಿದ ಕನ್ನಡಿಗರಿಗೆ ಜೋರು ಮಳೆ ಹೊಸತಲ್ಲ. ಆದರೆ ಆಗುಂಬೆಯ ಮಳೆಯನ್ನು ಕಂಡವರಿಗೂ ಇಲ್ಲಿನ ನೀರಿನ ನಡೆ ಬೇಗ ಅರ್ಥವಾಗುವುದಿಲ್ಲ. ಮಲೆನಾಡಿನಲ್ಲಿ ಬಿದ್ದ ನೀರು ಇಳಿಜಾರು ಹಿಡಿದು ಹೋಗಿಬಿಡುತ್ತದೆ. ಇಲ್ಲಿರುವುದು ಚಪ್ಪಟೆಯಾದ ಕರಾವಳಿ ಬಯಲು, ನೀರನ್ನು ಸುಲಭವಾಗಿ ಹೀರದ ಜೇಡಿಮಣ್ಣು ಮತ್ತು ‘ಬಾಯೂ’ ಎಂದು ಕರೆಯುವ ನಿಧಾನಗತಿಯ ಹೊಳೆಗಳು. 2017ರ ಆಗಸ್ಟ್ 25ರ ರಾತ್ರಿ ಟೆಕ್ಸಸ್ ತೀರಕ್ಕೆ ಅಪ್ಪಳಿಸಿದ ಹಾರ್ವಿ ಚಂಡಮಾರುತವು ಮುಂದೆ ಸಾಗದೆ ಅಲ್ಲಲ್ಲೇ ಸುಳಿದಾಡಿದ ಪರಿಣಾಮವಾಗಿ ನೆದರ್‌ಲೆಂಡ್ ಎಂಬ ಊರಿನಲ್ಲಿ 60.58 ಇಂಚು, ಅಂದರೆ ಸುಮಾರು 1,539 ಮಿ.ಮೀ. ಮಳೆ ದಾಖಲಾಯಿತು. ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇರುವುದರಿಂದ ಸಿದ್ಧತೆ ಮೇ ತಿಂಗಳೊಳಗೆ ಮುಗಿದಿರಬೇಕು.

ಮೊದಲ ಕೆಲಸ ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನವೇ ಆಗಬೇಕು. 2022ರ ಜನವರಿ 1ರಿಂದ ಟೆಕ್ಸಸ್‌ನಲ್ಲಿ, ಮನೆಯು ನೂರು ವರ್ಷದ ನೆರೆಬಯಲಿನಲ್ಲಿದೆಯೇ ಮತ್ತು ಹಿಂದಿನ 5 ವರ್ಷಗಳಲ್ಲಿ ಅದಕ್ಕೆ ನೀರು ನುಗ್ಗಿತ್ತೇ ಎಂಬುದು ಮಾಲೀಕರಿಗೆ ತಿಳಿದಿದ್ದರೆ ಅದನ್ನು ಬಾಡಿಗೆದಾರರಿಗೆ ಬರಹದಲ್ಲಿ ತಿಳಿಸಬೇಕೆಂಬ ಕಾನೂನಿದೆ. ಆ ಕಾಗದವನ್ನು ಕೇಳಿ ಪಡೆಯಿರಿ. ‘ನೂರು ವರ್ಷದ ನೆರೆ’ ಎಂದರೆ ನೂರು ವರ್ಷಕ್ಕೊಮ್ಮೆ ಬರುವುದು ಎಂದಲ್ಲ, ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ ಇರುವುದು ಎಂದರ್ಥ. ಕಾಗದಕ್ಕಿಂತಲೂ ನಾನು ಹೆಚ್ಚು ನಂಬುವುದು ಅದೇ ಬೀದಿಯಲ್ಲಿ ಇಪ್ಪತ್ತು ವರ್ಷ ಬಾಳಿದ ನೆರೆಮನೆಯವರ ನೆನಪನ್ನು. ಹಾರ್ವಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ ಅವರು ಗೋಡೆಯ ಮೇಲೆ ಕೈಯಿಟ್ಟೇ ತೋರಿಸುತ್ತಾರೆ.

ನಗರದ ಪಶ್ಚಿಮ ಭಾಗದಲ್ಲಿ ಮನೆ ಹುಡುಕುವವರು ಆ್ಯಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಜಲಾಶಯಗಳ ವಿಚಾರವನ್ನು ಮರೆಯಬಾರದು. ಜಲಾಶಯವೆಂದರೆ ಕನ್ನಂಬಾಡಿಯನ್ನು ನೆನೆಯುವ ನಮಗೆ ಅಲ್ಲಿ ಕಾಣುವುದು ಮರಗಿಡ, ಆಟದ ಮೈದಾನ ಮತ್ತು ಸೈಕಲ್ ಹಾದಿ, ಏಕೆಂದರೆ 1940ರ ದಶಕದಲ್ಲಿ ಪೂರ್ಣಗೊಂಡ ಈ ಕಟ್ಟೆಗಳು ನೆರೆ ಬಂದಾಗ ಮಾತ್ರ ನೀರು ಹಿಡಿದಿಡಲು ಇರುವಂಥವು. 2017ರಲ್ಲಿ ಕಟ್ಟೆಯ ಹಿಂದೆ ಹಿನ್ನೀರು ಏರಿ ಅಲ್ಲಿನ ಬಡಾವಣೆಗಳು ಮುಳುಗಿದವು. ಆಗಸ್ಟ್ 28ರಿಂದ ನೀರನ್ನು ಹೊರಬಿಟ್ಟಾಗ ಬಫಲೋ ಬಾಯೂ ದಂಡೆಯ ಮನೆಗಳೂ ಮುಳುಗಿದವು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಬಿಸಿಲಿನಲ್ಲೇ ಹೊಲಕ್ಕೆ ನೀರು ನುಗ್ಗುವುದನ್ನು ಕಂಡ ಕೃಷ್ಣಾ ತೀರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ನಿಂತಿತೆಂದು ಮೇಲೆತ್ತಿಟ್ಟ ಸಾಮಾನನ್ನು ಕೂಡಲೇ ಕೆಳಗಿಳಿಸಬೇಡಿ.

ವಿಮೆಯ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಮೋಸಹೋಗುವುದು ಎರಡು ಕಡೆ. ಬಾಡಿಗೆದಾರರ ಸಾಮಾನ್ಯ ವಿಮೆಯು ನೆರೆಯ ಹಾನಿಯನ್ನು ತುಂಬಿಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ನೆರೆ ವಿಮೆ ಬೇಕು, ಮತ್ತು ಅಮೆರಿಕದ ಕೇಂದ್ರ ಸರ್ಕಾರದ ಯೋಜನೆಯ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಹಿಡಿಯುವುದರಿಂದ ಚಂಡಮಾರುತದ ಸುದ್ದಿ ಕೇಳಿದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಇನ್ನು, ಹಳೆಯ ಕಾರು ಕೊಂಡ ವಿದ್ಯಾರ್ಥಿಗಳು ಅಗ್ಗವೆಂದು ಮಾಡಿಸುವ, ಬೇರೆಯವರಿಗಾದ ಹಾನಿಯನ್ನಷ್ಟೇ ತುಂಬಿಕೊಡುವ ಲಯಬಿಲಿಟಿ ವಿಮೆಯು ಮುಳುಗಿದ ಕಾರಿಗೆ ಬಿಡಿಗಾಸನ್ನೂ ಕೊಡುವುದಿಲ್ಲ. ನೆರೆಯಂಥ ಹಾನಿಯನ್ನು ತುಂಬಿಕೊಡುವ ಕಾಂಪ್ರಿಹೆನ್ಸಿವ್ ಭಾಗವನ್ನು ಸೇರಿಸಿಕೊಳ್ಳಬೇಕು.

ಪಾಸ್‌ಪೋರ್ಟ್, ಉದ್ಯೋಗಿಗಳ ವೀಸಾ ಅನುಮೋದನೆಯ ಐ-797 ಅಥವಾ ವಿದ್ಯಾರ್ಥಿಗಳ ಐ-20 ಪತ್ರ, ಮಕ್ಕಳ ಜನನಪತ್ರ ಇವೆಲ್ಲವನ್ನೂ ನೀರು ಹೋಗದ ಒಂದೇ ಚೀಲದಲ್ಲಿಟ್ಟು, ಅವುಗಳ ಚಿತ್ರಗಳನ್ನು ಊರಿನಲ್ಲಿರುವ ಒಬ್ಬ ನಂಬಿಕಸ್ಥರಿಗೆ ಕಳುಹಿಸಿರಿ. ಕುಡಿಯುವ ನೀರು ತಲೆಗೆ ದಿನಕ್ಕೆ ಸುಮಾರು 4 ಲೀಟರ್ ಬೇಕು. ವಿದ್ಯುತ್ ಹೋದರೆ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆಯೂ ಉರಿಯದ ಕಾರಣ ಅವಲಕ್ಕಿ, ಹುರಿಟ್ಟು, ಚಟ್ನಿಪುಡಿಗಳಿರುವ ಡಬ್ಬಿ ಇಲ್ಲಿನ ಯಾವ ತುರ್ತು ಆಹಾರದ ಪೊಟ್ಟಣಕ್ಕೂ ಕಡಿಮೆಯಲ್ಲ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳು ಮತ್ತು ವೈದ್ಯರ ಚೀಟಿ ಅದೇ ಚೀಲದಲ್ಲಿರಲಿ. ನೀವು ಕಚೇರಿಯಲ್ಲಿದ್ದಾಗ ನೀರು ಬಂದರೆ ಹೇಳಬೇಕಾದ ಮನೆಯ ವಿಳಾಸವನ್ನೂ 911 ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿರಿ.

ಫೋನಿಗೆ ಬರುವ ಎಚ್ಚರಿಕೆಗಳಲ್ಲಿ ‘ವಾಚ್’ ಎಂದರೆ ನೆರೆ ಬರಬಹುದು, ‘ವಾರ್ನಿಂಗ್’ ಎಂದರೆ ಬಂದಿದೆ ಅಥವಾ ಬಂದೇಬಿಡುತ್ತದೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗ) ನೆರೆ ಎಚ್ಚರಿಕೆ ಜಾಲತಾಣದಲ್ಲಿ ನಿಮ್ಮ ಮನೆಗೆ ಹತ್ತಿರದ ಬಾಯೂವಿನ ಮಟ್ಟವನ್ನು ನೀವೇ ನೋಡುತ್ತಿರಬಹುದು. ಇಲ್ಲಿನ ಬೀದಿಗಳು ಹೆಚ್ಚಾದ ಮಳೆನೀರನ್ನು ಸ್ವಲ್ಪ ಹೊತ್ತು ಹಿಡಿದಿಡುವಂತೆಯೇ ರೂಪಿಸಲ್ಪಟ್ಟಿರುವುದರಿಂದ, ಬೀದಿ ತುಂಬಿದ್ದಕ್ಕೆ ಗಾಬರಿಯಾಗಿ ಕಾರು ಹೊರತೆಗೆಯುವುದೇ ದೊಡ್ಡ ತಪ್ಪು. ಹರಿಯುವ 15 ಸೆಂ.ಮೀ. ನೀರು ನಿಂತ ಮನುಷ್ಯನನ್ನು ಬೀಳಿಸಬಲ್ಲದು, 60 ಸೆಂ.ಮೀ. ನೀರು ಬಹುತೇಕ ವಾಹನಗಳನ್ನು ತೇಲಿಸಬಲ್ಲದು. ರಾತ್ರಿಯಲ್ಲಿ ಅಂಡರ್‌ಪಾಸ್‌ನ ಆಳ ಯಾರಿಗೂ ಕಾಣುವುದಿಲ್ಲ. ಊರು ಬಿಡುವುದಾದರೆ ಒಂದೆರಡು ದಿನ ಮುಂಚೆಯೇ ಬಿಡಬೇಕು. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಎಲ್ಲರೂ ಒಮ್ಮೆಗೇ ಹೊರಟಾಗ ಜನರು ಬಿಸಿಲಿನಲ್ಲಿ ಗಂಟೆಗಟ್ಟಲೆ ಹೆದ್ದಾರಿಯಲ್ಲೇ ಸಿಲುಕಿದ್ದರು.

ನೀರು ಒಳಗೆ ಬಂದರೆ, ನಿಂತ ಜಾಗ ಒಣಗಿದ್ದಾಗ ಮಾತ್ರ ವಿದ್ಯುತ್ತಿನ ಮುಖ್ಯ ಸ್ವಿಚ್ ಆರಿಸಿ ಮೇಲಿನ ಮಹಡಿಗೆ ಹೋಗಿರಿ. ಹೊರದಾರಿಯಿಲ್ಲದ ಅಟ್ಟವನ್ನು ಹತ್ತಬೇಡಿ; ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿನ ಮೇಲೆ ಹೋಗಿ ಕಾಣುವಂತಿರಿ. ನೆರೆಯ ನೀರಿನಲ್ಲಿ ಕೊಳಚೆಯ ಜೊತೆಗೆ ಮುದ್ದೆಗಟ್ಟಿ ತೇಲುವ ಬೆಂಕಿಯಿರುವೆಗಳೂ ಇರುತ್ತವೆ. ಕಂದು ಬಣ್ಣದ ಆ ತೆಪ್ಪವನ್ನು ಕಸವೆಂದು ಕೈಯಿಂದ ಸರಿಸಬೇಡಿ.

ನೀರಿಳಿದ ಮೇಲೆ ಸ್ವಚ್ಛಗೊಳಿಸುವ ಮುನ್ನವೇ ಎಲ್ಲವನ್ನೂ ಚಿತ್ರ ತೆಗೆದುಕೊಂಡು, ಬೂಷ್ಟು ಒಂದೆರಡು ದಿನದಲ್ಲೇ ಹಿಡಿಯುವುದರಿಂದ ನೆನೆದ ಕಾರ್ಪೆಟ್ಟನ್ನು ಬೇಗ ಹೊರಹಾಕಿಸಿರಿ. ಆಶ್ರಯ, ಊಟ, ನೀರು ಇಂಥ ತುರ್ತು ನೆರವನ್ನು ಪಡೆಯಲು ವೀಸಾ ಅಡ್ಡಿಯಲ್ಲ. ಆದರೆ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ ನಗದು ನೆರವು ಎಚ್-1ಬಿ ಉದ್ಯೋಗ ವೀಸಾ ಮತ್ತು ವಿದ್ಯಾರ್ಥಿ ವೀಸಾದವರಿಗೆ ದೊರೆಯುವುದಿಲ್ಲ. ಅಮೆರಿಕದಲ್ಲೇ ಹುಟ್ಟಿದ ಮಗು ಮನೆಯಲ್ಲಿದ್ದರೆ ಆ ಮಗುವಿನ ಪರವಾಗಿ ಅರ್ಜಿ ಸಲ್ಲಿಸಬಹುದು. ಪಾಸ್‌ಪೋರ್ಟ್ ಹಾಳಾಗಿದ್ದರೆ ಹ್ಯೂಸ್ಟನ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ. ಗೆಳೆಯರ ಮನೆಗೆ ವಾಸ ಬದಲಿಸಿದವರು 10 ದಿನಗಳೊಳಗೆ ಅಮೆರಿಕದ ವಲಸೆ ಇಲಾಖೆಗೆ ಎಆರ್-11 ನಮೂನೆಯಲ್ಲಿ, ವಿದ್ಯಾರ್ಥಿಗಳಾದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯ ಮೂಲಕ, ಹೊಸ ವಿಳಾಸವನ್ನು ತಿಳಿಸಲೇಬೇಕು. ಕೆಸರು ಬಳಿಯುವ ಗಡಿಬಿಡಿಯಲ್ಲಿ ಸುಲಭವಾಗಿ ಮರೆತುಹೋಗುವುದು ಇದೊಂದೇ.