ಪೆನ್ಸಿಲ್ ಕೊಡುವುದು ಬಿಟ್ಟ ಮೇಲೆ

ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಹನ್ನೊಂದು ವರ್ಷದಿಂದ ಸಂಡೇ ಸ್ಕೂಲ್ ಪಾಠ ಮಾಡುತ್ತಿದ್ದೇನೆ. ಮೊದಲೆಲ್ಲ ವಾರಕ್ಕೊಂದು ಬಾಯಿಪಾಠದ ವಚನ, ತಪ್ಪಿಲ್ಲದೆ ಹೇಳಿದವರಿಗೆ ಒಂದು ಪೆನ್ಸಿಲ್. ಮಕ್ಕಳು ಗಡಗಡ ಒಪ್ಪಿಸುತ್ತಿದ್ದರು, ನಾನು ಹಿಗ್ಗುತ್ತಿದ್ದೆ.

ಒಂದು ಭಾನುವಾರ ಬೈಬಲ್‌ನ 23ನೇ ಕೀರ್ತನೆ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಆರನೇ ಕ್ಲಾಸಿನ ಹುಡುಗನೊಬ್ಬ ಒಂದೇ ಉಸಿರಿಗೆ ಹೇಳಿ ಪೆನ್ಸಿಲಿಗೆ ಕೈ ಚಾಚಿದ. ಸುಮ್ನೆ ಕೇಳಿದೆ, “ಕೊರತೆಪಡೆನು ಅಂದ್ರೇನಪ್ಪಾ?”

“ಕೊರತೆ ಪಡ್ತೀನಿ ಅಂತ್ರೀ ಟೀಚರ್.”

ಪೂರಾ ಉಲ್ಟಾ! ಅವನ ತಪ್ಪೇನಿಲ್ಲ. ‘ಪಡುವುದಿಲ್ಲ’ ಎನ್ನಲು ‘ಪಡೆನು’ ಎಂದು ಈಗ ಯಾರು ಮಾತಾಡುತ್ತಾರೆ? ಇಷ್ಟು ವರ್ಷ ಅರ್ಥ ಕೇಳದೇ ಇದ್ದವಳು ನಾನು.

ಬಿ.ಎಡ್. ಮಾಡುವಾಗ ಓದಿದ್ದ ಮನೋವಿಜ್ಞಾನವನ್ನು ಮತ್ತೆ ತೆಗೆದೆ. ಅರ್ಥವಿಲ್ಲದ್ದನ್ನು ಉರು ಹೊಡೆದರೆ ಬಹುಪಾಲು ಮೊದಲ ದಿನದೊಳಗೇ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ನನಗೆ ಜಾಸ್ತಿ ಚುಚ್ಚಿದ್ದು 1973ರ ಇನ್ನೊಂದು ಪ್ರಯೋಗ. ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಲೆಪರ್, ಗ್ರೀನ್, ನಿಸ್ಬೆಟ್ ಎಂಬುವರು ಬಹುಮಾನದ ಆಸೆ ತೋರಿಸಿ ಬರೆಸಿದರು. ಆಮೇಲೆ ಆ ಮಕ್ಕಳು ತಾವಾಗಿ ಬರೆಯುವುದೇ ಕಡಿಮೆಯಾಯಿತು. ದೇವರ ಕೃಪೆ ಪುಕ್ಕಟೆ ಎಂದು ಪಾಠ ಮಾಡುತ್ತಾ ಆ ವಚನಕ್ಕೇ ನಾನು ಪೆನ್ಸಿಲ್ ಬೆಲೆ ಕಟ್ಟಿದ್ದೆ, ಅಲ್ವಾ?

ಪೆನ್ಸಿಲ್ ನಿಲ್ಲಿಸಿದೆ. ಇಬ್ಬರು ಮಕ್ಕಳು ಮೂರು ವಾರ ಬರಲೇ ಇಲ್ಲ. ಈಗ ತಿಂಗಳಿಗೆ ಒಂದೇ ವಚನ. ಬೈಬಲ್ ತೆರೆಯುವ ಮೊದಲು ಮಕ್ಕಳು ಜೋಡಿ ಕೂತು, ನೆನಪಿದ್ದಷ್ಟನ್ನು ತಮ್ಮ ಮಾತಿನಲ್ಲೇ ಹೇಳಿಕೊಳ್ಳಬೇಕು. ತಡವರಿಸಿದರೆ ತಡವರಿಸಲಿ. ಕಷ್ಟಪಟ್ಟು ನೆನಪಿಸಿಕೊಂಡದ್ದೇ ಗಟ್ಟಿ ಉಳಿಯುತ್ತದೆ. ಕೂತಾಗ, ನಡೆವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಎಂದು ಬೈಬಲ್‌ನ ಧರ್ಮೋಪದೇಶಕಾಂಡ ಆರನೇ ಅಧ್ಯಾಯದಲ್ಲೂ ಇದೆ. ಇದನ್ನೇ ಹಿಡಿದು, ಮನೋವಿಜ್ಞಾನವೆಲ್ಲ ಬೈಬಲ್‌ನಲ್ಲಿ ಮೊದಲೇ ಇತ್ತು ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ.

ಕುರುಬರು ಕಂಬಳಿ ಹೊದ್ದು ಕುರಿ ಹೊಡೆದುಕೊಂಡು ಹೋಗುವುದನ್ನು ನಮ್ಮ ಮಕ್ಕಳು ನೋಡಿದ್ದಾರೆ. ಹಾಗಾಗಿ ಅರ್ಥದ ಮಾತು ಅಲ್ಲಿಂದಲೇ ಶುರುವಾಯಿತು. ಮೇವು ಇಲ್ಲದ ಕಡೆ ಕುರುಬ ನಿಲ್ಲುವುದಿಲ್ಲ ಎಂದು ಒಬ್ಬಳು ಹೇಳಿದಳು. ಆಗ ಅದೇ ಹುಡುಗ ಎದ್ದು ನಿಂತ.

“ಟೀಚರ್, ನಮ್ಮಪ್ಪಗ ಎರಡು ತಿಂಗಳಿಂದ ಕೆಲಸ ಇಲ್ರೀ. ಅದು ಕೊರತೆ ಅಲ್ಲೇನ್ರೀ?”

ಹನ್ನೆರಡು ವರ್ಷದ ಯೇಸುವೂ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದ. ನಾನು ಪಾಠದ ಪುಸ್ತಕ ಮುಚ್ಚಿಟ್ಟೆ. ಆ ಹುಡುಗನ ಒಂದು ಪ್ರಶ್ನೆಗೆ ಎರಡು ಭಾನುವಾರ ಹಿಡಿಯಿತು.